ನಡೆಯದೇ ಉಳಿದ ಮೂರೂವರೆ ಕಿಲೋಮೀಟರ್

ಎಳೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೂದಲಿನಷ್ಟು ತೆಳುವಾದ ಗಾಜಿನ ಎಳೆಗಳನ್ನು ತುದಿಗೆ ತುದಿ ಬೆಸೆಯುವುದು ಅವರ ಕಸುಬು. ಸಿಕ್ಕಿದವರನ್ನು ನಿಲ್ಲಿಸಿಕೊಂಡು ಆ ಕಸುಬಿನ ದೊಡ್ಡಸ್ತಿಕೆ ಕೊರೆಯುವುದು ಅವರ ಚಟ. ಕೊರೆತ ತಾಳಲಾರದವರು ಅಣಕಕ್ಕೆ ಮೇಷ್ಟ್ರು ಅಂದರು, ಇವರು ಅದನ್ನೇ ಬಿರುದೆಂದು ಇಟ್ಟುಕೊಂಡರು. ಇಪ್ಪತ್ತಾರು ವರ್ಷದಲ್ಲಿ ತಾವು ಬೆಸೆದ ಎಳೆ ಒಂದೂ ಬಿಟ್ಟಿಲ್ಲ ಎಂಬುದು ಅವರ ನಿತ್ಯದ ಪ್ರಕಟಣೆ. ಅದು ನಿಜವೂ ಹೌದು. ಅವರ ಕೈ ಎಂದೂ ತಪ್ಪಿರಲಿಲ್ಲ. ತಪ್ಪಿದ್ದು ಕಾಲು.

ಅವರ ಕಂಪನಿಗೆ ಎರಡು ಊರುಗಳಲ್ಲಿ ಎರಡು ಯಂತ್ರಕೋಣೆಗಳು, ನಡುವೆ ಒಂದು ಅಗಲವಾದ ಹೊಳೆ. ಹನ್ನೊಂದು ಆಸ್ಪತ್ರೆಗಳ ರೋಗಿಗಳ ಕಡತ, ಅಂದರೆ ಯಾರಿಗೆ ಯಾವ ಔಷಧ, ಎಷ್ಟು ಹೊತ್ತಿಗೆ ಕೊಟ್ಟರು, ಯಾರಿಗೆ ಯಾವುದು ಒಗ್ಗುವುದಿಲ್ಲ ಎಂಬುದೆಲ್ಲ, ಎರಡೂ ಕೋಣೆಗಳ ಡೇಟಾಬೇಸಿನಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಥರ ಇರಬೇಕು. ಒಂದು ಕೋಣೆಗೆ ಬೆಂಕಿ ಬಿದ್ದರೂ ಇನ್ನೊಂದು ಉಳಿಯಲಿ ಎಂಬ ಮುಂಜಾಗ್ರತೆ. ಇದು ಹೇಗೆ ನಡೆಯುತ್ತದೆಂದು ಮೇಷ್ಟ್ರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಿದ್ದರು.

"ಒಂದೇ ಮನೇಲಿ ಇಬ್ಬರು ವಾರಗಿತ್ತೀರು ಅಂದ್ಕೊಳ್ಳಿ. ಇಬ್ಬರ ಹತ್ರಾನೂ ಒಂದೊಂದು ಪುಸ್ತಕ. ಹಿರಿಯಳು ಒಂದು ಸಾಲು ಬರೆಯೋ ಮುಂಚೆ ಕಿರಿಯಳನ್ನ ಕೇಳ್ತಾಳೆ, ಬರೀಲಾ ಅಂತ. ಕಿರಿಯಳು ತಾನೂ ಬರ್ಕೊಂಡು ಹೂಂ ಅಂತಾಳೆ. ಹೂಂ ಬರಲಿಲ್ವಾ, ಇಬ್ಬರೂ ಪೆನ್ನು ಕೆಳಗಿಡ್ತಾರೆ. ಅವಳೊಂದು ಇವಳೊಂದು ಬರೆದ್ರೆ ಮನೆ ಎರಡು ಹೋಳಾಗುತ್ತಲ್ಲ, ಅದಕ್ಕೆ. ಆ ಹೂಂ ಇದೆಯಲ್ಲ, ಅದು ಹೋಗೋದು ನನ್ನ ಎಳೆ ಮೇಲೆ."

ಹೂಂ ನಿಲ್ಲಬಾರದೆಂದು ದಾರಿಗಳನ್ನೂ ಎರಡು ಮಾಡಿದ್ದರು. ಮೊದಲನೆಯ ಕೇಬಲ್ ಹೊಸ ಸೇತುವೆಯ ಹೊಟ್ಟೆಯಡಿ ಹೊಳೆ ದಾಟುತ್ತದೆ. ಎರಡನೆಯದು ಬೇರೆ ರಸ್ತೆಗಳ ಅಡಿ ಬಂದು, ದಂಡೆಗುಂಟ ಮೇಲೆ ಹೋಗಿ, ಹಳೆಯ ಅಣೆಕಟ್ಟೆಯ ಮೇಲೆ ದಾಟುತ್ತದೆ. ನಕ್ಷೆಯಲ್ಲಿ ಒಂದು ನೀಲಿ ಗೆರೆ, ಒಂದು ಕಿತ್ತಳೆ ಗೆರೆ, ಜಗಳವಾಡಿದ ನೆಂಟರಂತೆ ಎಲ್ಲೂ ಒಂದರ ಹತ್ತಿರ ಒಂದು ಸುಳಿಯುವುದಿಲ್ಲ. ಹೀಗೆ ಎರಡು ದಾರಿ ಹಾಕಿದಾಗ ಕಂಪನಿಯದೊಂದು ಕಟ್ಟುಪಾಡು ಇತ್ತು. ಸಹಿ ಹಕ್ಕು ಇರುವವನೊಬ್ಬ ಇಡೀ ದಾರಿಯನ್ನು ಕಾಲಲ್ಲಿ ನಡೆದು, 'ನಡೆದು ನೋಡಿದ್ದೇನೆ' ಎಂದು ಬರೆದು ಸಹಿ ಹಾಕಬೇಕು. ಆ ಹಕ್ಕು ಇದ್ದದ್ದು ಮೂವರಿಗೆ. ಮೇಷ್ಟ್ರು ತಮ್ಮ ಮುದ್ರೆಯನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ಕನ್ನಡಕ ಜೇಬಿನಲ್ಲಿ ಗೀರು ಬೀಳಿಸಿಕೊಂಡು ಬಿದ್ದಿರುತ್ತಿತ್ತು.

ಎರಡು ವರ್ಷದ ಹಿಂದೆ ಎರಡನೇ ದಾರಿ ನಡೆಯುವ ಸರದಿ ಅವರದಾಯಿತು. ಮೂವತ್ತನಾಲ್ಕೂವರೆ ಕಿಲೋಮೀಟರ್, ಮೂರು ದಿನದ ನಡಿಗೆ. ಅದಕ್ಕೆಂದೇ ಹೊಸ ಬೂಟು ಕೊಂಡರು. ಒಂದು ಅಳತೆ ಚಿಕ್ಕದು. ಅಂಗಡಿಯವನು "ನಿಮ್ಮದು ಅಧಿಕಾರಿಗಳ ಪಾದ ಸಾರ್, ದೊಡ್ಡ ಅಳತೆ ಶೋಭೆ ಕೊಡಲ್ಲ" ಅಂದಿದ್ದ. ಐವತ್ತು ದಾಟಿದ ಗಂಡಸು ಪಾದದ ಹೊಗಳಿಕೆಗೆ ಮರುಳಾದ. ಮೂವತ್ತೊಂದನೆಯ ಕಿಲೋಮೀಟರಿಗೆ ಬರುವಾಗ ಹಿಮ್ಮಡಿಯಲ್ಲಿ ದ್ರಾಕ್ಷಿಯಂಥ ಬೊಬ್ಬೆ. ಮೇಷ್ಟ್ರು ವ್ಯಾನಿನಲ್ಲಿ ಕೂತು ಬೂಟು ಬಿಚ್ಚಿದರು. ಅಗೆತದ ಮೇಸ್ತ್ರಿ ಕಿಟಕಿಯಲ್ಲಿ ತಲೆ ತೂರಿಸಿ, "ಇನ್ನು ಅಣೆಕಟ್ಟೆ ತುಂಡು ಮಾತ್ರ ಸಾರ್, ಎಲ್ಲಾ ನಕ್ಷೆ ಪ್ರಕಾರಾನೇ" ಅಂದ. ಮೇಷ್ಟ್ರು ತೊಡೆಯ ಮೇಲೆ ಕಾಗದ ಇಟ್ಟುಕೊಂಡು 'ನಡೆದು ನೋಡಿದ್ದೇನೆ' ಎಂದು ಬರೆದರು. ಮುದ್ರೆ ಒತ್ತಿದರು. ಆಚೆ ದಂಡೆಯ ಗುಂಡಿಗೆ ವ್ಯಾನಿನಲ್ಲೇ ಹೋಗಿ, ಕೊಳವೆಯಿಂದ ಹೊರಬಂದ ಕೇಬಲಿನ ಎಳೆಗಳನ್ನು ಎಂದಿನಂತೆ ಚೊಕ್ಕವಾಗಿ ಬೆಸೆದರು. ಕೊಳವೆ ಎಲ್ಲಿಂದ ಬಂತೆಂದು ಕೊಳವೆಯನ್ನು ಯಾರು ಕೇಳುತ್ತಾರೆ?

ಇದೇ ಮೇಷ್ಟ್ರು ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಪತ್ರಿಕೆ ಬಿಡಿಸಿ ಉಗಿಯುತ್ತಿದ್ದುದು ಯಾರನ್ನು? ಕಾಗದದ ಮೇಲೆ ರಸ್ತೆ ಮಾಡುವವರನ್ನು, ಕಾಗದದ ಮೇಲೆ ಮರ ನೆಡುವವರನ್ನು, ಕೂತಲ್ಲಿಂದಲೇ ಕಟ್ಟಡ ಗಟ್ಟಿಯಿದೆ ಎಂದು ಬರೆದುಕೊಡುವವರನ್ನು. "ಸಹಿಗೆ ನಾಚಿಕೆ ಇಲ್ವೇನ್ರೀ ಇವರಿಗೆ!" ಎಂದು ಮೇಜು ಗುದ್ದಿ ಎರಡು ಲೋಟ ಒಡೆದ ಇತಿಹಾಸವೂ ಉಂಟು. ನಮ್ಮಲ್ಲಿ ಇಂಥವರು ಬಹಳ. ಊರಿನ ಸುಳ್ಳೆಲ್ಲ ಕಣ್ಣಿಗೆ ಬೀಳುತ್ತದೆ, ನಮ್ಮದಕ್ಕೆ ಮಾತ್ರ ಬೂಟು ಕಚ್ಚಿತ್ತು ಎಂಬ ಸಕಾರಣವಿರುತ್ತದೆ.

ಎರಡು ವರ್ಷ ಏನೂ ಆಗಲಿಲ್ಲ. ಬೊಬ್ಬೆ ಮಾಯಿತು, ನೆನಪೂ ಮಾಯಿತು. ಆಮೇಲೆ ಒಂದು ಸೋಮವಾರ ಯೋಜನಾಧಿಕಾರಿ ಸಭೆ ಕರೆದರು. ಸೇತುವೆಯ ದುರಸ್ತಿ ಬಂದಿದೆ. ಗುರುವಾರ ಅದರ ಹೊಟ್ಟೆಯ ಹಳೆಯ ಕೊಳವೆಗಳನ್ನೆಲ್ಲ ಕಿತ್ತು ಹೊಸದು ಕೂರಿಸುತ್ತಾರೆ. ಅಷ್ಟು ಹೊತ್ತು ಮೊದಲನೇ ದಾರಿ ಬಂದ್.

"ಚಿಂತೆ ಇಲ್ಲ, ಎರಡನೇ ದಾರಿ ಇದೆ," ಎಂದು ಅವರು ಮೇಷ್ಟ್ರ ಮುಂದೆ ಒಂದು ಕಾಗದ ಸರಿಸಿದರು. "ಇದು ಬೇರೆಯೇ ದಾರಿ ಅಂತ ಇನ್ನೊಂದ್ಸಲ ದೃಢೀಕರಿಸಿ ಒಂದು ಸಹಿ ಹಾಕಿಬಿಡಿ. ಬುಧವಾರ ಕೊಟ್ರೂ ಆಯ್ತು."

ಸಭೆ ಮುಗಿದು ಎದ್ದಾಗ ಕೋಣೆಯಕ್ಕ ಬಾಗಿಲ ಹತ್ತಿರ ತಡೆದಳು. ಎರಡೂ ಊರಿನ ಡೇಟಾಬೇಸುಗಳನ್ನು ನೋಡಿಕೊಳ್ಳುವವಳು. ವಯಸ್ಸು ಮೂವತ್ತು, ಎಲ್ಲರನ್ನೂ ಗದರುವುದರಿಂದ ಎಲ್ಲರಿಗೂ ಅಕ್ಕ.

"ಮೇಷ್ಟ್ರೇ, ಒಂದು ಅನುಮಾನ. ಗುರುವಾರಕ್ಕೆ ಅಂತ ಎರಡನೇ ದಾರೀಲಿ ಹೋಗಿ ಬರೋ ಹೊತ್ತು ಅಳೆದೆ. ನಕ್ಷೆ ಪ್ರಕಾರ ಬರಬೇಕಾದ್ದಕ್ಕಿಂತ ಬೇಗ ಬರ್ತಿದೆ. ಸೆಕೆಂಡಿನ ನಲವತ್ತು ಸಾವಿರದಲ್ಲಿ ಒಂದು ಪಾಲು ಕಮ್ಮಿ."

"ಒಳ್ಳೇದಲ್ವೇನಮ್ಮ?"

"ಒಳ್ಳೇದೇ. ಯಾಕೆ ಅಂತ?"

ಮೇಷ್ಟ್ರು ಎದೆ ಸೆಟೆಸಿದರು. "ಯಾಕೆ ಅಂದ್ರೆ ಬೆಸುಗೆ ಯಾರದ್ದು? ನನ್ನದು. ಅಷ್ಟು ಚೊಕ್ಕ. ಬೆಳಕು ಎಡವೋದೇ ಇಲ್ಲ, ಜಾರಿ ಹೋಗುತ್ತೆ!"

ಅಕ್ಕ ಹುಬ್ಬು ಕೂಡಿಸಿ ತನ್ನ ಕೋಣೆಗೆ ನಡೆದಳು. ಮೇಷ್ಟ್ರು ನಗುತ್ತ ಮೆಟ್ಟಿಲಿಳಿದರು. ಮೂರನೇ ಮೆಟ್ಟಿಲಿಗೆ ನಗು ನಿಂತಿತು. ಬೆಸುಗೆ ಕೆಟ್ಟಿದ್ದರೆ ಬೆಳಕು ಮಂಕಾಗುತ್ತದೆಯೇ ಹೊರತು ನಿಧಾನವಾಗುವುದಿಲ್ಲ. ಇದು ಕಸುಬಿನ ಮೊದಲ ದಿನದ ಪಾಠ. ಬೆಳಕು ಬೇಗ ಬಂತೆಂದರೆ ಅರ್ಥ ಒಂದೇ, ದಾರಿ ಗಿಡ್ಡವಾಗಿದೆ. ನಲವತ್ತು ಸಾವಿರದಲ್ಲಿ ಒಂದು ಪಾಲೆಂದರೆ ಎರಡೂವರೆ ಕಿಲೋಮೀಟರ್. ಅವರು ತಮ್ಮ ಕಪಾಟಿನ ಹಳೆಯ ಕಡತ ತೆಗೆದರು. ಕೇಬಲಿನ ಉದ್ದ ಅಳೆದ ಯಂತ್ರದ ಚೀಟಿ ಅಲ್ಲೇ ಇತ್ತು: ಮೂವತ್ತೆರಡು ಕಿಲೋಮೀಟರ್. ಅದರ ಮೇಲೇ ಮೂವತ್ತನಾಲ್ಕೂವರೆಯ ನಕ್ಷೆ. ಎರಡನ್ನೂ ಸೇರಿಸಿ ಪಿನ್ನು ಹೊಡೆದವರು ತಾವೇ. ಕಳ್ಳ ತನ್ನ ಬೆರಳಚ್ಚನ್ನು ತಾನೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಹಾಗಾಯಿತು.

ಸಂಜೆ ಮನೆಯಲ್ಲಿ ಹೆಂಡತಿ ಬಕೆಟ್ಟಿನ ಬಿಸಿನೀರಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ದೊಡ್ಡ ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಎಂಟು ಗಂಟೆ ನಿಲ್ಲುವ ಕೆಲಸ ಅವರದು.

"ಏನು, ಇವತ್ತು ಪಾಠ ಇಲ್ವಾ? ಎರಡು ದಾರಿ ಪುರಾಣ ಇಲ್ದೆ ಅನ್ನ ಇಳಿಯೋದು ಹೇಗೆ?"

"ಬಿಡೇ ಮಾರಾಯ್ತಿ."

"ನಮ್ಮನೇಲೂ ಎರಡು ದಾರಿ ಇರ್ಬೇಕು ಅಂತ ಬಾಗಿಲಿಗೆ ಎರಡು ಕೀಲಿಕೈ ಮಾಡಿಸಿದ ಮಹಾನುಭಾವರು ನೀವು. ಎರಡನ್ನೂ ಒಂದೇ ಗೊಂಚಲಿಗೆ ಹಾಕಿ ಬಸ್ಸಲ್ಲಿ ಬಿಟ್ಟು ಬಂದ್ರಿ. ಮೂರು ಗಂಟೆ ಹೊಸ್ತಿಲ ಮೇಲೆ ಕೂತಿದ್ದೆ ನಾನು."

ಬೇರೆ ದಿನವಾಗಿದ್ದರೆ ಮೇಷ್ಟ್ರು ಇದಕ್ಕೊಂದು ಸಮರ್ಥನೆ ಕೊಡುತ್ತಿದ್ದರು. ಆ ಸಂಜೆ ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡರು.

ಮಂಗಳವಾರ ಬೆಳಿಗ್ಗೆ ರಜೆ ಹೇಳಿ, ಸವೆದ ಚಪ್ಪಲಿ ಮೆಟ್ಟಿ, ಎರಡು ವರ್ಷ ತಡವಾಗಿ ಆ ಮೂರೂವರೆ ಕಿಲೋಮೀಟರ್ ನಡೆದರು. ದಂಡೆಗುಂಟ ಮೊದಲ ಗುರುತುಗಲ್ಲು ಸಿಕ್ಕಿತು. ಎರಡನೆಯದೂ ಸಿಕ್ಕಿತು, ನೆಡದೆ ಪೊದೆಯಲ್ಲಿ ಮಲಗಿಸಿದ್ದರು. ಮುಂದೆ ಹತ್ತು ಮಾರು ಅಗೆದ ಗುರುತು, ಆಮೇಲೆ ಬಂಡೆ. ಬಂಡೆ ಕಂಡ ಮೇಸ್ತ್ರಿ ಅಲ್ಲಿಂದಲೇ ಹಿಂದಿರುಗಿದ್ದ. ಅಣೆಕಟ್ಟೆಯ ಮೇಲೆ ಕೇಬಲ್ ಹೋಗಲಿ, ಒಂದು ದಾರವೂ ಇರಲಿಲ್ಲ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದಳು. ಮೇಷ್ಟ್ರು ಹೌದೆಂದರು.

ಅಲ್ಲಿಂದ ನೆಟ್ಟಗೆ ಸೇತುವೆಗೆ ಬಂದರು. ಗುರುವಾರದ ಕೆಲಸಕ್ಕೆ ದೊಡ್ಡ ಅಗೆತದ ಯಂತ್ರ ಆಗಲೇ ಬಂದು ನಿಂತಿತ್ತು. ಅದರ ಮೇಲಿಂದ ಇಳಿದವನು ಅವರ ಭಾವಮೈದನೇ, ಹೆಂಡತಿಯ ತಮ್ಮ. ಎಳೆ ಬೆಸೆಯುವವರ ಮನೆಗೆ ಎಳೆ ಹರಿಯುವವನೇ ನೆಂಟ.

"ಬನ್ನಿ ಭಾವ! ನಿಮ್ಮ ಕಂಪನಿ ಚಮತ್ಕಾರ ತೋರಿಸ್ತೀನಿ ಬನ್ನಿ." ಸೇತುವೆಯ ಅಡಿಗೆ ಕರೆದೊಯ್ದು ಟಾರ್ಚು ಬಿಟ್ಟ. ತೆರೆದ ದೊಡ್ಡ ಕೊಳವೆಯಲ್ಲಿ ಒಂದು ನೀಲಿ ಕೇಬಲ್, ಒಂದು ಕಿತ್ತಳೆ ಕೇಬಲ್, ನಡುನಡುವೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಜೊತೆ ಮಾಡಿದ್ದರು. "ನೋಡಿ, ಒಂದೇ ಕಂಬಳೀಲಿ ಮಲಗಿದಾವೆ ಹೊಸ ಜೋಡಿ ಥರ. ಗುರುವಾರ ಎರಡನ್ನೂ ಒಂದೇ ಏಟಿಗೆ ಎತ್ತಿ ಬಿಸಾಕ್ತೀನಿ. ಯಾಕ್ ಭಾವ, ಮುಖ ಹಾಗಾಯ್ತು? ನೀರು ತರ್ಲಾ?"

ಮೇಷ್ಟ್ರು ನೇರ ಯೋಜನಾಧಿಕಾರಿಯ ಕೋಣೆಗೆ ಹೋದರು. ನಿಂತೇ ಎಲ್ಲ ಹೇಳಿದರು, ಬೂಟು ಮತ್ತು ಬೊಬ್ಬೆ ಸಮೇತ. ಅಧಿಕಾರಿ ಕೇಳಿ, ಎದ್ದು ಬಾಗಿಲು ಮುಚ್ಚಿ ಬಂದು ಕೂತರು.

"ಇದನ್ನ ಬೇರೆ ಯಾರಿಗೆ ಹೇಳಿದೀರಿ?"

"ಯಾರಿಗೂ ಇಲ್ಲ."

"ಹೇಳ್ಬೇಡಿ. ಇದು ಹೊರಗೆ ಬಿತ್ತು ಅಂದ್ರೆ ನಿಮ್ಮ ಸಹಿ ಹಕ್ಕು ಹೋಯ್ತು. ಇಪ್ಪತ್ತಾರು ವರ್ಷದ ಹೆಸರು ಒಂದು ಬೊಬ್ಬೆಗೆ ಹೋಗೋದಾ? ಯಂತ್ರದವನು ನಿಮ್ಮ ಭಾವಮೈದ ಅಂದ್ರಲ್ಲ. ಕಿತ್ತಳೆ ಕೇಬಲ್ ಮುಟ್ಟಬೇಡ ಅಂತ ಒಂದು ಮಾತು ಹೇಳಿ. ಗುರುವಾರ ಕಳೀಲಿ. ಆಮೇಲೆ ನಿಧಾನಕ್ಕೆ ಸರಿ ಮಾಡೋಣ."

ಈ 'ಆಮೇಲೆ ನಿಧಾನಕ್ಕೆ' ಎಂಬ ಹಾಸಿಗೆಯಲ್ಲಿ ಎಷ್ಟೋ ಸತ್ಯಗಳು ಮಲಗಿ ಸತ್ತಿವೆ. ಮೇಷ್ಟ್ರಿಗೆ ಅದು ಗೊತ್ತಿತ್ತು. ಆದರೂ ಹೊರಬಂದಾಗ ಎದೆ ಹಗುರಾಗಿತ್ತೆಂಬುದನ್ನು ಮುಚ್ಚಿಡುವುದು ಬೇಡ. ಹೇಳಬೇಕಾದವರಿಗೆ ಹೇಳಿದ್ದಾಯಿತು, ಹಕ್ಕೂ ಉಳಿಯಿತು. ಕನ್ನಡಕದ ಡಬ್ಬಿಯನ್ನು ಜೇಬಿನ ಮೇಲಿಂದ ಒಮ್ಮೆ ಸವರಿಕೊಂಡರು. ಭಾವಮೈದನಿಗೆ ಫೋನು ಮಾಡಿದರು.

"ಅಷ್ಟೇನಾ ಭಾವ? ನಾನು ಯಂತ್ರದ ಬಕೆಟ್ಟಲ್ಲಿ ಮೊಟ್ಟೆ ಎತ್ತಿ ಇಡೋನು! ಕಿತ್ತಳೆ ಮುಟ್ಟಲ್ಲ, ನೀವು ಹಾಯಾಗಿ ಮಲ್ಕೊಳ್ಳಿ."

ಆ ಭಾವಮೈದ ಹೋದ ವರ್ಷ ತನ್ನ ಮನೆಯ ನೀರಿನ ಕೊಳವೆಯನ್ನೇ ಅಗೆದು ಒಡೆದು, ನಾಲ್ಕು ದಿನ ಮೇಷ್ಟ್ರ ಮನೆಗೇ ಸ್ನಾನಕ್ಕೆ ಬಂದಿದ್ದ.

ಆ ಸಂಜೆ ಮೇಷ್ಟ್ರು ಸೊಪ್ಪು ಬಿಡಿಸುತ್ತಿದ್ದ ಹೆಂಡತಿಯ ಪಕ್ಕ ಕೂತು, ಬೇರೆಯವರ ವಿಷಯವೆಂಬಂತೆ ಕೇಳಿದರು. "ನಿಮ್ಮ ಕೌಂಟರಲ್ಲಿ ಪರದೆ ಬರ್ಕೊಳ್ಳೋದು ನಿಲ್ಲಿಸಿಬಿಟ್ರೆ ಏನ್ ಮಾಡ್ತೀರಿ?"

"ಏನ್ ಮಾಡೋದು? ನಿಂತ್ಕೋತೀವಿ. ಹೋದ ವರ್ಷ ಹನ್ನೆರಡು ನಿಮಿಷ ನಿಂತಿತ್ತು. ವಾರ್ಡಲ್ಲಿ ಒಬ್ಬಜ್ಜಿಗೆ ಇನ್ಸುಲಿನ್ ಕೊಟ್ರು, ಕೊಟ್ಟಿದ್ದು ಬರಹಕ್ಕೆ ಬರ್ಲಿಲ್ಲ. ಅಷ್ಟರಲ್ಲಿ ಪಾಳಿ ಬದಲಾಯ್ತು. ಹೊಸ ನರ್ಸು ಸೂಜಿ ತುಂಬ್ಕೊಂಡು ಹೋದ್ಲು."

"ಆಮೇಲೆ?"

"ಅಜ್ಜಿ ಬಾಯಿ ಜೋರು. ಈಗ ತಾನೇ ಚುಚ್ಚಿದ್ರಲ್ಲೇ ತಾಯಿ, ನಾನೇನು ಸೂಜಿ ದಿಂಬಾ ಅಂತ ವಾರ್ಡು ಕಿತ್ತುಹೋಗೋ ಹಾಗೆ ಕೂಗಿದ್ಲು. ಉಳ್ಕೊಂಡ್ಲು. ಪಕ್ಕದ ಮಂಚದವನಿಗೆ ಮಾತೇ ಇಲ್ಲ. ಅವನ ಸರದಿ ಆಗಿದ್ರೆ?" ಸೊಪ್ಪಿನ ಕಡ್ಡಿ ಮುರಿದು ಬುಟ್ಟಿಗೆ ಹಾಕಿ, ಗಂಡನ ಮುಖ ನೋಡಿದರು. "ಯಾಕೆ ಕೇಳಿದ್ರಿ? ನಿಲ್ಲುತ್ತಾ?"

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆವತ್ತು ಹನ್ನೆರಡು ನಿಮಿಷ. ಎರಡೂ ಕೇಬಲ್ ಹರಿದರೆ, ಇಪ್ಪತ್ತಾರು ವರ್ಷದ ಈ ನುರಿತ ಕೈ ಎಷ್ಟು ಚುರುಕಾಗಿ ಬೆಸೆದರೂ ಏಳು ಗಂಟೆ. ಹನ್ನೊಂದು ಆಸ್ಪತ್ರೆ. ಬಾಯಿ ಜೋರಿನ ಅಜ್ಜಿಯರು ಪ್ರತಿ ಮಂಚಕ್ಕೂ ಒಬ್ಬರು ಸಿಗುವುದಿಲ್ಲ.

"ರೀ, ನಿಮ್ಮನ್ನೇ ಕೇಳಿದ್ದು. ನಿಲ್ಲುತ್ತಾ?"

"ನಿಲ್ಲಲ್ಲ," ಎಂದರು. ಹೇಳಿದ ಮೇಲೆ, ಆ ಮಾತನ್ನು ನಿಜ ಮಾಡದೆ ಬೇರೆ ದಾರಿ ಉಳಿಯಲಿಲ್ಲ.

ಬುಧವಾರ ಬೆಳಿಗ್ಗೆ ಸಹಿಯಿಲ್ಲದ ಕಾಗದವನ್ನೂ ಪಿನ್ನು ಹೊಡೆದ ಹಳೆಯ ಕಡತವನ್ನೂ ಹಿಡಿದು ಯಂತ್ರಕೋಣೆಗೆ ಹೋದರು. ಒಳಗೆ ಚಳಿ, ಫ್ಯಾನುಗಳ ಮೊರೆತ. ಕೋಣೆಯಕ್ಕ ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಂಡು ಪರದೆ ನೋಡುತ್ತಿದ್ದಳು.

"ಮೊನ್ನೆ ಬೆಸುಗೆ ಚೊಕ್ಕ ಅಂದೆನಲ್ಲಮ್ಮ, ಅದು ಸುಳ್ಳು. ಅಂದ್ರೆ ಬೆಸುಗೆ ಚೊಕ್ಕಾನೇ. ಕಾರಣ ಸುಳ್ಳು. ಎರಡೂ ದಾರಿ ಒಂದೇ ಸೇತುವೆ ಅಡೀಲಿವೆ. ನಾನು ನಡೀಲಿಲ್ಲ. ನಡೆದೆ ಅಂತ ಬರೆದೆ."

ಅಕ್ಕ ಕುರ್ಚಿ ತಿರುಗಿಸಿದಳು. ಗದರುವುದನ್ನೇ ಮರೆತಳು. "ಬೆಸುಗೆ ನೋಡಿ ಬೆಳಕು ಓಡಲ್ಲ ಅಂತ ನಂಗೂ ಗೊತ್ತಿತ್ತು ಮೇಷ್ಟ್ರೇ. ಏನೋ, ದೊಡ್ಡೋರು ಹೇಳ್ತಿದಾರಲ್ಲ ಅಂತ ಸುಮ್ಮನಾದೆ."

"ಮೊದಲು ಆ ಚಾಳಿ ಬಿಡಮ್ಮ. ದೊಡ್ಡೋರು ಅಂತ ನಾನೂ ಮೇಸ್ತ್ರಿ ಮಾತು ಕೇಳಿದ್ದೆ. ಅವನು ನನಗಿಂತ ಅರ್ಧ ಅಡಿ ಎತ್ತರ."

ಅವಳು ನಗಲಿಲ್ಲ. ಕಾಗದ ತೆಗೆದುಕೊಂಡು, ಅಲ್ಲೇ ಕೂತು, ತನ್ನ ಒಪ್ಪಿಗೆಯಿಲ್ಲದೆ ಮೊದಲನೇ ದಾರಿ ಬಂದ್ ಮಾಡುವಂತಿಲ್ಲವೆಂದು ಎಲ್ಲರಿಗೂ ಪತ್ರ ಕಳಿಸಿದಳು. ಯೋಜನಾಧಿಕಾರಿ ಓಡಿ ಬಂದು ಮೇಷ್ಟ್ರನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. ಸೇತುವೆಯವರ ಕಾಲು ಕೈ ಹಿಡಿದು ಕೆಲಸವನ್ನು ಒಂಬತ್ತು ದಿನ ಮುಂದಕ್ಕೆ ಹಾಕಿಸಿದರು. ಆ ಒಂಬತ್ತು ದಿನದಲ್ಲಿ ಬಂಡೆಯ ಮೇಲೆ, ಅಣೆಕಟ್ಟೆಯ ಗೋಡೆಗುಂಟ ಉಕ್ಕಿನ ಕೊಳವೆ ಕೂರಿಸಿ ಹೊಸ ಕೇಬಲ್ ಎಳೆದರು. ಬೆಸೆದವರು ಮೇಷ್ಟ್ರೇ. ನಡೆದು ಸಹಿ ಹಾಕಿದವರು ಬೇರೆಯವರು. ಇವರು ಅವರ ಹಿಂದೆ ಚಪ್ಪಲಿಯಲ್ಲಿ ನಡೆದರು. ಬೇಡವೆಂದರೂ ನಡೆದರು.

ಹತ್ತನೇ ದಿನ ಭಾವಮೈದ ಯಂತ್ರದ ಹಲ್ಲು ಹಾಕಿದ. ನೀಲಿ ಕೇಬಲಿನ ಜೊತೆಗೆ ಹಳೆಯ ಕಿತ್ತಳೆಯದೂ ತುಂಡಾಗಿ ಹೊಳೆಯ ಮೇಲೆ ನೇತಾಡಿತು. "ಮೊಟ್ಟೆ ಸ್ವಲ್ಪ ಜಾರ್ತು ಭಾವ," ಎಂದು ಫೋನು ಮಾಡಿದ. ಆ ಹೊತ್ತಿಗೆ ಆಸ್ಪತ್ರೆಯ ಕೌಂಟರಿನಲ್ಲಿ ಮೇಷ್ಟ್ರ ಹೆಂಡತಿ ಯಾರಿಗೋ ಮಾತ್ರೆ ಎಣಿಸಿ ಕೊಟ್ಟು, ಪರದೆಯಲ್ಲಿ ಬರೆದುಕೊಂಡು, ಮುಂದಿನವರನ್ನು ಕರೆದರು. ಏನೂ ಆಗಲಿಲ್ಲ. ಏನೂ ಆಗದಿರುವುದಕ್ಕೆ ಯಾರೂ ಹಾರ ಹಾಕುವುದಿಲ್ಲ.

ಹಾಕಿದ್ದು ನೋಟೀಸು. ಮುಂದಿನ ಸೋಮವಾರ ಕಚೇರಿಯ ಟಪಾಲಿನವನು ನಾಲ್ಕು ಪುಟದ ಪತ್ರ ಹಿಡಿದು ಮೇಷ್ಟ್ರ ಮೇಜಿಗೆ ಬಂದ. ಸಹಿ ಹಕ್ಕನ್ನು ಶಾಶ್ವತವಾಗಿ ಹಿಂದಕ್ಕೆ ಪಡೆಯಲಾಗಿದೆ, ಮುದ್ರೆ ಒಪ್ಪಿಸತಕ್ಕದ್ದು. ಕೊನೆಯ ಪುಟದ ಅಡಿಯಲ್ಲಿ, 'ಓದಿ ತಿಳಿದುಕೊಂಡಿದ್ದೇನೆ' ಎಂಬ ಸಾಲು.

"ಇಲ್ಲೊಂದು ಹಾಕ್ಬಿಡಿ ಸಾರ್, ಊಟದ ಹೊತ್ತಾಯ್ತು."

"ತಡಿಯಪ್ಪ."

ಮೇಷ್ಟ್ರು ಗೀರು ಬಿದ್ದ ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದಿದರು. ಟಪಾಲಿನವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಎರಡನೇ ಪುಟದಲ್ಲಿ ಮೇಷ್ಟ್ರಿಗೆ ಅವಮಾನವಾಯಿತು, ಕಿವಿ ಬಿಸಿಯಾಯಿತು. ಮೂರನೇ ಪುಟದಲ್ಲಿ ಬೆರಳು ನಿಂತಿತು. 'ಸುಮಾರು ಎರಡು ಕಿಲೋಮೀಟರ್ ದಾರಿಯನ್ನು ನಡೆಯದೆ' ಎಂದು ಬರೆದಿದ್ದರು. ಅವರು ಪೆನ್ನು ತೆಗೆದು 'ಸುಮಾರು ಎರಡು' ಹೊಡೆದುಹಾಕಿ, ಮೇಲೆ 'ಮೂರೂವರೆ' ಎಂದು ಬರೆದರು.

ಟಪಾಲಿನವನು ಬಗ್ಗಿ ನೋಡಿದ. "ಏನ್ ಸಾರ್ ಇದು! ಜನ ತಪ್ಪು ಕಮ್ಮಿ ಮಾಡ್ಸೋಕೆ ಓಡಾಡ್ತಾರೆ, ನೀವು ನಿಮ್ಮದನ್ನ ನೀವೇ ಜಾಸ್ತಿ ಬರ್ಕೋತಿದೀರಾ?"

"ಅಳತೆ ತಪ್ಪಿದೆಯಪ್ಪ. ಅಳತೆ ತಪ್ಪಿರೋ ಕಾಗದಕ್ಕೆ ನಾನು ಸಹಿ ಹಾಕೋನಲ್ಲ."

ಹೇಳಿದ ಕೂಡಲೇ ಆ ದನಿಯ ಹಳೆಯ ಬಿಗುಮಾನ ಅವರ ಕಿವಿಗೇ ಬಿತ್ತು. ತುಟಿಯ ಕೊನೆಯಲ್ಲಿ ನಗು ಬಂತು.

"ಈಚೆಗೆ," ಎಂದು ಸೇರಿಸಿ, ನಾಲ್ಕನೇ ಪುಟ ತಿರುಗಿಸಿದರು.